ನಾಲ್ಕು ದಿನದ ವರ್ಷ

ಇಜೇರಿ, ತಾ. ಜೇವರ್ಗಿ
೧೨ ನವೆಂಬರ್ ೧೯೯೫

ಶ್ರೀಪಾದ ಕಾಕಾ ಅವರಿಗೆ ಸುಮಿತ್ರಾಬಾಯಿಯ ನಮಸ್ಕಾರ. ಕಾಕು ಅವರಿಗೂ ತಿಳಿಸಿರಿ.

ಹೊಸ ಗ್ರಹದ ಬಗ್ಗೆ ನಿಮ್ಮ ಅಂಕಣದಲ್ಲಿ ಬಂದದ್ದನ್ನು ನನ್ನ ಒಂಬತ್ತನೆಯ ತರಗತಿಗೆ ಓದಿ ಹೇಳಿದೆ. ನಮ್ಮ ಸೂರ್ಯನಂಥದೇ ಬೇರೊಂದು ನಕ್ಷತ್ರಕ್ಕೆ ಗ್ರಹ ಸಿಕ್ಕಿದ್ದು ಇದೇ ಮೊದಲು ಎಂದೊಡನೆ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂತರು. ಗುರುಗ್ರಹದ ಅರ್ಧದಷ್ಟು ತೂಕ, ಪೂರ್ವಾಭಾದ್ರಾ ನಕ್ಷತ್ರದ ಮಗ್ಗುಲಲ್ಲಿ, ನಾಲ್ಕು ವರ್ಷಕ್ಕೊಂದು ಸುತ್ತು. ಅಷ್ಟನ್ನೂ ಹಲಗೆಯ ಮೇಲೆ ಬರೆದೆ.

ಮರುದಿನ ಗಣಿತದ ಗೌಸಮೊಹಿದ್ದೀನ ಸರ್ ಹೈದರಾಬಾದಿನ ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಬಂದರು. "ಅಕ್ಕೋರ, ನಾಕು ವರ್ಷ ಅಲ್ರಿ, ನಾಕು ದಿನ ಅಂತ ಬರದಾರ" ಎಂದರು.

"ನಾಕು ದಿನಕ್ಕ ಒಂದು ವರ್ಷ ಆದ್ರ, ಅಲ್ಲಿ ಹೆಡ್‌ಮಾಸ್ತರು ವಾರಾವಾರ ವಾರ್ಷಿಕ ಪರೀಕ್ಷಾ ಇಡಬೇಕಾಗ್ತದಲ್ರಿ ಸರ್" ಎಂದು ನಾನು ನಕ್ಕೆ. ಅವರು ನಗಲಿಲ್ಲ. ಈಗ ಶಾಲೆಯಲ್ಲಿ ಎರಡು ಪಕ್ಷಗಳಾಗಿವೆ. ಹುಡುಗಿಯರೆಲ್ಲ ನನ್ನ ಕಡೆ, ಹುಡುಗರೆಲ್ಲ ಸರ್ ಕಡೆ. ಯಾವುದು ಸರಿ, ತಿಳಿಸಿರಿ.

ಇನ್ನೊಂದು ಮಾತು. ಅಪ್ಪ ಅಫಜಲಪುರದಿಂದ ನಿಮಗೆ ಬರೆದಿರಬೇಕು. ನಿಮ್ಮೂರು ಆಳಂದದಿಂದಲೇ ನನಗೊಂದು ಸಂಬಂಧ ಬಂದಿದೆ. ಗುರಣ್ಣ ಎಂದು ಹೆಸರು, ತೊಗರಿಯ ದಾಲ್ ಮಿಲ್ ಇದೆ. ನನಗೂ ಇಪ್ಪತ್ತೊಂಬತ್ತಾಯಿತು. ಹಿಂದೆ ಬಂದ ಎರಡನ್ನು ನಾನೇ ಬೇಡವೆಂದೆ, ಅದಕ್ಕಾಗಿ ಅಪ್ಪ ಇನ್ನೂ ಮುನಿಸಿಕೊಂಡಿದ್ದಾರೆ. ಈ ಸಲ ಒಂದೇ ಮಾತು ಹೇಳಿದ್ದೇನೆ: ಆ ಊರಿನಲ್ಲಿ ಶ್ರೀಪಾದ ಕಾಕಾ ಇದ್ದಾರೆ, ಅವರು ವಿಚಾರಿಸಿ ಚಲೋ ಎಂದು ಬರೆದರೆ ನಾನು ಹೂಂ ಅನ್ನುತ್ತೇನೆ. ಆ ಮನೆಯಲ್ಲಿ ಏನಿದ್ದರೂ ಮುಚ್ಚದೆ ಬರೆಯಿರಿ. ನಾನು ಹೋಗಿ ಬಾಳಬೇಕಾದ ಮನೆ.

ನಿಮ್ಮ ಸುಮಿತ್ರಾ


ಆಳಂದ
೨೦ ನವೆಂಬರ್ ೧೯೯೫

ಚಿ. ಸುಮಿತ್ರಾಗೆ ಆಶೀರ್ವಾದ.

ನಾಲ್ಕು ವರ್ಷವೇ ಸರಿ. ಗೌಸಮೊಹಿದ್ದೀನ ಸರ್ ಅವರ ಪತ್ರಿಕೆಯಲ್ಲಿದ್ದ ತಪ್ಪು ನನಗೆ ಬಂದ ಪ್ರತಿಯಲ್ಲೂ ಇತ್ತು. ನಾನು ತಿದ್ದಿದೆ.

ನಮ್ಮ ಕೆಲಸದ ರೀತಿ ನಿನಗೆ ಗೊತ್ತಿಲ್ಲ. ಸುದ್ದಿಸಂಸ್ಥೆಯ ಇಂಗ್ಲಿಷ್ ಸುದ್ದಿ ಗುಲಬರ್ಗಾದ ನಮ್ಮ ಕಚೇರಿಗೆ ಟೆಲಿಪ್ರಿಂಟರಿನಲ್ಲಿ ಬರುತ್ತದೆ. ವಿಜ್ಞಾನದ ಸುದ್ದಿಯನ್ನೆಲ್ಲ ಹರಿದು, ಲಕೋಟೆಯಲ್ಲಿ ಹಾಕಿ, ಆಳಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೆ ಕಳಿಸುತ್ತಾರೆ. ನಾನು ಕನ್ನಡ ಮಾಡಿ ಸಂಜೆಯ ಬಸ್ಸಿಗೆ ಕೊಡುತ್ತೇನೆ. ಆ ಯಂತ್ರ ಒಂದು ಸೊನ್ನೆ ನುಂಗುತ್ತದೆ, ಇನ್ನೊಂದು ಉಗುಳುತ್ತದೆ. ತೊಂಬತ್ತು ಸಾವಿರ ಚೀಲ ತೊಗರಿ ಎಂಬುದು ಒಮ್ಮೆ ಒಂಬತ್ತು ಚೀಲ ಎಂದು ಬಂದಿತ್ತು. ಅದನ್ನು ಹಿಡಿದು ತಿದ್ದದಿದ್ದರೆ ಉಪಸಂಪಾದಕ ಯಾಕೆ ಬೇಕು?

ಮಕ್ಕಳಿಗೆ ಹೀಗೆ ಹೇಳು. ನಮ್ಮ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಬುಧ. ಅದು ಸುತ್ತಿ ಬರಲೇ ಎಂಬತ್ತೆಂಟು ದಿನ ಬೇಕು. ಗುರುಗ್ರಹಕ್ಕೆ ಹೆಚ್ಚುಕಡಿಮೆ ಹನ್ನೆರಡು ವರ್ಷ. ಅನಿಲದ ದೊಡ್ಡ ಗ್ರಹಗಳು ದೂರದ ತಂಪಿನಲ್ಲಿ ಹುಟ್ಟುತ್ತವೆ, ಅಲ್ಲೇ ಇರುತ್ತವೆ. ನಾಲ್ಕು ದಿನಕ್ಕೆ ಸುತ್ತುವ ಗ್ರಹ ತನ್ನ ನಕ್ಷತ್ರದ ಒಲೆಯ ಬಾಯಿಯಲ್ಲೇ ಕೂತಿರಬೇಕು. ಸಾವಿರ ಡಿಗ್ರಿ ಕಾವಿನಲ್ಲಿ ಅಷ್ಟು ದೊಡ್ಡ ಅನಿಲದ ಗೋಳ ಇರುವುದು ಸಾಧ್ಯವಿಲ್ಲ. ಯಾವ ಪುಸ್ತಕದಲ್ಲೂ ಇಲ್ಲ.

ನಿನ್ನ ಅಪ್ಪ ದೌಲತರಾಯನ ಕಾಗದ ಬಂದಿದೆ. ನಾನೂ ಅವನೂ ಒಂದೇ ಹಾಸ್ಟೆಲಿನಲ್ಲಿ ಓದಿದವರು, ನೀನು ನನಗೂ ಮಗಳೇ. ಸುದ್ದಿ ವಿಚಾರಿಸಿದಂತೆಯೇ ವಿಚಾರಿಸುತ್ತೇನೆ.

ಶ್ರೀಪಾದ


ಆಳಂದ
೧೦ ಡಿಸೆಂಬರ್ ೧೯೯೫

ಚಿ. ಸುಮಿತ್ರಾಗೆ ಆಶೀರ್ವಾದ.

ಗುರಣ್ಣನ ವಿಚಾರ ಮುಗಿಯಿತು. ಇದರದೇ ಒಂದು ಪ್ರತಿಯನ್ನು ದೌಲತರಾಯನಿಗೂ ಕಳಿಸಿದ್ದೇನೆ.

ಅವನು ಗುಲಬರ್ಗಾದಲ್ಲಿ ಓದಿದ ಕಾಲೇಜಿನಲ್ಲಿ ಕೇಳಿದೆ: ನಡತೆ ಒಳ್ಳೆಯದು. ಸೊಲ್ಲಾಪುರಕ್ಕೆ ಅವನ ಬೇಳೆ ಹೋಗುತ್ತದೆ. ಅಲ್ಲಿಗೇ ಹೋಗಿ ಇಬ್ಬರು ವ್ಯಾಪಾರಿಗಳನ್ನು ಕಂಡೆ: ಮಾತಿಗೆ ತಪ್ಪುವವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಬ್ಯಾಂಕಿನಲ್ಲಿ, ಮಾರ್ಕೆಟ್ ಕಮಿಟಿಯಲ್ಲಿ ಕೇಳಿದೆ. ಎಲ್ಲರದೂ ಒಂದೇ ಮಾತು.

ಕೊನೆಗೆ ಮನೆಗೂ ಹೋಗಿ ಬಂದೆ. ಅವನು ಇರಲಿಲ್ಲ. ಕಲ್ಲಿನ ಮನೆ, ಒಳಗೆ ನೀರು. ತಾಯಿ ಇದ್ದಾಳೆ. ಸುಂದರಬಾಯಿ ಎಂಬ ದೂರದ ಸಂಬಂಧಿಯೊಬ್ಬಳು ಅಡುಗೆ ನೋಡಿಕೊಂಡು ಹಿಂದಿನ ಕೋಣೆಯಲ್ಲಿದ್ದಾಳೆ. ಗುರಣ್ಣನಿಗೆ ಅಕ್ಕನಾಗಬೇಕಂತೆ, ಗಂಡ ಸತ್ತವಳು. ನೀನು ನೌಕರಿ ಬಿಡಬೇಕಾಗಿಲ್ಲ, ಆಳಂದಕ್ಕೆ ವರ್ಗ ಮಾಡಿಸಿಕೊಂಡರಾಯಿತು ಎಂದು ತಾಯಿ ಹೇಳಿದಳು.

ಮನೆತನ ಚೊಕ್ಕ. ಮುಂದುವರಿಯಬಹುದು.

ಶ್ರೀಪಾದ


ಇಜೇರಿ
೨೧ ಜನವರಿ ೧೯೯೬

ಶ್ರೀಪಾದ ಕಾಕಾ ಅವರಿಗೆ ಸುಮಿತ್ರಾಬಾಯಿಯ ನಮಸ್ಕಾರ.

ಸಂಕ್ರಾಂತಿಯ ಮರುದಿನ ಅವರು ಅಫಜಲಪುರಕ್ಕೆ ಬಂದು ನೋಡಿಕೊಂಡು ಹೋದರು. ನಾನು ಹೂಂ ಅಂದೆ. ಬಸವ ಜಯಂತಿ ಮುಗಿದ ಮೇಲೆ ಮೇ ಹನ್ನೆರಡಕ್ಕೆ ಲಗ್ನ. ನೀವು ಬರೆದ ಕಾಗದವನ್ನು ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ.

ಅವರ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ಮಾತು ಕಡಿಮೆ. ಮನೆಯಲ್ಲಿ ಯಾರಾರು ಇರುತ್ತೀರಿ ಎಂದು ಕೇಳಿದೆ. "ನಾನು, ನಮ್ಮವ್ವ. ಇಬ್ಬರ" ಎಂದರು. ನೀವು ಬರೆದ ಸುಂದರಬಾಯಿಯ ಮಾತೇ ಬರಲಿಲ್ಲ. ಆಕೆ ಅಲ್ಲಿಯೇ ಇರುತ್ತಾಳೋ, ಬಂದು ಹೋಗುವವಳೋ? ಇದ್ದರೆ ಬೇಸರವೇನಿಲ್ಲ. ತಿಳಿದಿರಲೆಂದು ಕೇಳುತ್ತಿದ್ದೇನೆ.

ಗ್ರಹದ ಜಗಳ ನಿಂತಿಲ್ಲ. ಅಮೆರಿಕದವರೂ ದೂರದರ್ಶಕ ತಿರುಗಿಸಿ ನೋಡಿದರಂತೆ, ನಾಲ್ಕು ದಿನವೇ ಅಂತೆ ಎಂದು ಗೌಸಮೊಹಿದ್ದೀನ ಸರ್ ಯಾವುದೋ ಮಾಸಪತ್ರಿಕೆ ತಂದು ತೋರಿಸಿದರು. ನಜಮುನ್ನಿಸಾ ಎಂಬ ಹುಡುಗಿ ಎದ್ದು ನಿಂತು, "ಟೀಚರ್, ನೆಪ್ಚೂನ್ ತಂದು ಅಲ್ಲಿ ಇಟ್ರ ಏನಾಗ್ತದ್ರಿ?" ಎಂದಳು. ನಮ್ಮಲ್ಲಿ ಎಲ್ಲಕ್ಕಿಂತ ದೂರದ, ತಣ್ಣನೆಯ ಗ್ರಹಗಳಲ್ಲಿ ಅದೊಂದು. ನನಗೆ ತಕ್ಷಣ ಹೊಳೆದದ್ದು ಪಂಚಮಿಗೆ ಹುರಿಯುವ ಜೋಳದ ಅಳ್ಳು. ಕಾದ ಹಂಚಿಗೆ ಬಿದ್ದ ಕಾಳು ಅರಳಿ ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಏರುವುದಿಲ್ಲ. ಹಾಗೆ ನೆಪ್ಚೂನಿನ ಗಾಳಿಯೂ ಕಾವಿಗೆ ಉಬ್ಬಿ, ಗ್ರಹ ದೊಡ್ಡದಾಗಿ ಹಗುರಾಗಿ, ಮೇಲಿನ ಪದರ ಸ್ವಲ್ಪಸ್ವಲ್ಪವೇ ಹಾರಿಹೋಗಬಹುದು ಎಂದೆ. ಹೇಳಿದ ಮೇಲೆ, ನಾನು ಗೌಸಮೊಹಿದ್ದೀನ ಸರ್ ಪಕ್ಷ ಸೇರಿದೆನಲ್ಲ ಎಂದು ಗಾಬರಿಯಾಯಿತು.

ನಿಮ್ಮ ಸುಮಿತ್ರಾ


ಆಳಂದ
೨ ಫೆಬ್ರವರಿ ೧೯೯೬

ಚಿ. ಸುಮಿತ್ರಾಗೆ ಆಶೀರ್ವಾದ.

ಶುಭ ಸುದ್ದಿ ಕೇಳಿ ನಿನ್ನ ಕಾಕುಗೂ ನನಗೂ ಬಹಳ ಸಂತೋಷ.

ಅಡುಗೆ ಮಾಡುವ ಬಡ ಸಂಬಂಧಿಯನ್ನು ಗಂಡಸರು ಮನೆಯವರಲ್ಲಿ ಎಣಿಸುವುದಿಲ್ಲ. ಅಷ್ಟೇ ವಿಷಯ. ಲಗ್ನದ ಮುಂಚೆ ಇಂಥದನ್ನು ಕೆದಕಬೇಡ, ತಪ್ಪು ತಿಳಿದಾರು.

ಗ್ರಹದ ಮಾತು. ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡುವುದು ಅಮೆರಿಕದಲ್ಲೂ ಇದೆ. ಕಾದು ನೋಡೋಣ. ಚುನಾವಣೆ ಬರುತ್ತಿದೆ, ಅಂಕಣ ನಿಲ್ಲಿಸಿದ್ದಾರೆ. ಇನ್ನು ಮೇಲೆ ನನಗೆ ಸಭೆಗಳ ವರದಿಯೇ ಕೆಲಸ.

ಶ್ರೀಪಾದ


ಆಳಂದ
೨೨ ಏಪ್ರಿಲ್ ೧೯೯೬

ಚಿ. ಸುಮಿತ್ರಾಗೆ ಆಶೀರ್ವಾದ.

ರಜೆಗೆ ಅಫಜಲಪುರಕ್ಕೆ ಬಂದಿರುತ್ತೀ ಎಂದು ಅಲ್ಲಿಗೇ ಬರೆಯುತ್ತಿದ್ದೇನೆ. ಎರಡೂವರೆ ತಿಂಗಳು ನಿನಗೆ ಬರೆಯಲಿಲ್ಲ. ಚುನಾವಣೆಯ ನೆಪ ಇತ್ತು.

ನಿನ್ನೆ ಗುಲಬರ್ಗಾದಿಂದ ಬಂದ ಲಕೋಟೆಯಲ್ಲಿ ಒಂದು ಚೂರು ಸುದ್ದಿ ಇತ್ತು. ಇನ್ನೊಂದು ನಕ್ಷತ್ರಕ್ಕೆ ಗ್ರಹ ಸಿಕ್ಕಿದೆ. ಗುರುಗ್ರಹಕ್ಕಿಂತ ಭಾರ. ಸುತ್ತಿಗೆ ಮೂರು ದಿನ ಚಿಲ್ಲರೆ. ಓದಿದೆ, ಮತ್ತೆ ಓದಿದೆ. ಪೆನ್ನು ತೆಗೆದುಕೊಂಡು, ಹಾಗೇ ಕೆಳಗಿಟ್ಟೆ. ಅದೇ ಬಸ್ಸಿಗೆ ಹತ್ತಿ ಗುಲಬರ್ಗಾಕ್ಕೆ ಹೋಗಿ ಗ್ರಂಥಾಲಯದಲ್ಲಿ ಕೂತು ಸಿಕ್ಕ ಮಾಸಪತ್ರಿಕೆಗಳನ್ನೆಲ್ಲ ತಿರುವಿದೆ. ಸುಮಿತ್ರಾ, ನಾಲ್ಕು ದಿನವೇ. ಮೊದಲಿನಿಂದಲೂ ನಾಲ್ಕು ದಿನವೇ. ಯಂತ್ರ ಸರಿಯಾಗಿಯೇ ಕಳಿಸಿತ್ತು. ತಪ್ಪು ಮಾಡಿದ್ದು ನನ್ನ ಪೆನ್ನು.

ಆ ಗ್ರಹ ಯಾರ ಕಣ್ಣಿಗೂ ಬಿದ್ದಿಲ್ಲ. ಅದು ಎಳೆದಂತೆ ನಕ್ಷತ್ರ ಅತ್ತಿತ್ತ ತೂಗಾಡುತ್ತದೆ. ಆ ತೂಗಾಟವನ್ನು ಬೆಳಕಿನಲ್ಲಿ ಅಳೆದು ಗ್ರಹ ಇದೆಯೆಂದು ತಿಳಿದಿದ್ದಾರೆ. ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ ಸಂಗತಿ. ಇದಕ್ಕೆ ಮೊದಲು ವರ್ಷಗಟ್ಟಲೆ ಹುಡುಕಿದವರು ಇದ್ದರು. ದೊಡ್ಡ ಗ್ರಹವೆಂದರೆ ದೂರವೇ ಇರಬೇಕು, ತೂಗಾ‌ಟ ನಿಧಾನವೇ ಇರಬೇಕು ಎಂದು ಅವರು ಹತ್ತು ವರ್ಷದ ಸುತ್ತುಗಳಿಗಾಗಿ ಕಾದರು. ಮೂರು ದಿನದ್ದನ್ನು ಹುಡುಕಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ. ನಿನ್ನ ಜೋಳದ ಅಳ್ಳಿನ ಮಾತನ್ನೂ ದೊಡ್ಡವರು ಬರೆದಿದ್ದಾರೆ: ಅಷ್ಟು ಕಾವಿನಲ್ಲಿ ಗ್ರಹ ಉಬ್ಬಿ ನೀರಿಗಿಂತ ಹಗುರಾಗಿರಬಹುದಂತೆ. ನೆಪ್ಚೂನಿನಷ್ಟು ಚಿಕ್ಕದು ಅಲ್ಲಿ ಇನ್ನೂ ಸಿಕ್ಕಿಲ್ಲ. ಸಿಗುವುದಿಲ್ಲ ಎನ್ನುವ ಧೈರ್ಯ ನನಗಿಲ್ಲ ಎಂದು ನಜಮುನ್ನಿಸಾಗೆ ಹೇಳು.

ತಿದ್ದುಪಡಿ ಹಾಕಿರಿ ಎಂದು ಸಂಪಾದಕರನ್ನು ಕೇಳಿದೆ. "ರಾಯರ, ಇಲೆಕ್ಷನ್ ನಡದದ. ನಿಮ್ಮ ಗ್ರಹದವರದು ವೋಟ್ ಅದ ಏನ್ರಿ?" ಎಂದರು.

ರಾತ್ರಿಯೆಲ್ಲ ಇದೇ ಯೋಚನೆ. ನಂಬಲಾಗದ್ದನ್ನು ತಿದ್ದುವುದು, ತಿದ್ದಲಾಗದಿದ್ದರೆ ಹೊಡೆದು ಹಾಕುವುದು, ಈ ಚಾಳಿಯಿಂದ ಇನ್ನೇನು ಮಾಡಿದ್ದೇನೋ ಎಂದು ಹಳೆಯ ಬರಹಗಳನ್ನು ನೆನೆದೆ. ಗುರಣ್ಣನ ವಿಚಾರದಲ್ಲೂ ಒಂದು ಸಾಲು ಬರೆದು ಹೊಡೆದು ಹಾಕಿದ್ದೆ. ಸಣ್ಣ ಸಂಗತಿ, ನಗು ಬರುವಂಥದು. ಮುಚ್ಚದೆ ಬರೆಯಿರಿ ಎಂದಿದ್ದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹೋದಾಗ ತಾಯಿ ಇನ್ನೂ ಗುಡಿಯಿಂದ ಬಂದಿರಲಿಲ್ಲ. ಬಾಗಿಲಿಗೆ ಬಂದವಳು ಸುಂದರಬಾಯಿ. "ಗುರಣ್ಣನ ಪೂರ್ತಿ ಹೆಸರೇನವ್ವ? ಬರಕೋಬೇಕಿತ್ತು" ಎಂದೆ. ಆಕೆ ಹೇಳಲಿಲ್ಲ. ಸೆರಗಿನ ಅಂಚು ಬಾಯಿಗೆ ಹಿಡಿದುಕೊಂಡು ಗೋಡೆಯ ಮೇಲಿನ ದಾಲ್ ಮಿಲ್ಲಿನ ಕ್ಯಾಲೆಂಡರಿನತ್ತ ಬೊಟ್ಟು ಮಾಡಿ, "ಅಲ್ಲಿ ಛಾಪಸ್ಯಾರ ನೋಡ್ರಿ" ಎಂದಳು. ಇನ್ನೊಮ್ಮೆ ಕೇಳಿದೆ, ಒಳಗೆ ಹೋಗಿಬಿಟ್ಟಳು. ತಮ್ಮನ ಹೆಸರು ಹೇಳಲು ನಾಚುವ ಅಕ್ಕನನ್ನು ನಾನು ಕಂಡದ್ದು ಅದೇ ಮೊದಲು. ಪಾಪ, ತಿಳಿವಳಿಕೆ ಕಡಿಮೆ ಇರಬೇಕು ಎಂದುಕೊಂಡೆ.

ಲಗ್ನಕ್ಕೆ ಎರಡು ದಿನ ಮೊದಲೇ ಬರುತ್ತೇವೆ.

ಶ್ರೀಪಾದ


ಅಫಜಲಪುರ
೨೫ ಏಪ್ರಿಲ್ ೧೯೯೬

ಕಾಕಾ,

ಈ ಕಾಗದ ಮುಟ್ಟಿದ ಕೂಡಲೇ ಒಳಗೆ ಹೋಗಿ ಕಾಕು ಅವರಿಗೆ ನಿಮ್ಮ ಹೆಸರು ಹೇಳಲು ಹೇಳಿರಿ. ಸುಮ್ಮನೆ ಒಂದು ಸಲ. ಆಕೆ ಏನು ಮಾಡುತ್ತಾರೆ ನೋಡಿರಿ.

ಆಮೇಲೆ ನನಗೆ ಬರೆಯಿರಿ.

ಸುಮಿತ್ರಾ


ಆಳಂದ
೨೮ ಏಪ್ರಿಲ್ ೧೯೯೬

ಚಿ. ಸುಮಿತ್ರಾ,

ನಿನ್ನ ಕಾಕು ರೊಟ್ಟಿ ಬಡಿಯುತ್ತಿದ್ದಳು. ನೀನು ಬರೆದದ್ದರ ಅರ್ಥ ನನಗಿನ್ನೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತು, "ಲೀಲಾ, ನನ್ನ ಹೆಸರು ಹೇಳು" ಎಂದೆ.

"ಯಾಕ್ರೀ, ಮರತೀರೇನು?"

"ಒಂದು ಸಲ ಹೇಳು, ಕೇಳ್ತೇನಿ."

"ಇಲೆಕ್ಷನ್ ಸುದ್ದಿ ಬರದು ಬರದು ತಲಿಗೆ ಏರ್ಯದ ನಿಮಗ. ಇಷ್ಟು ವರ್ಷದಾಗ ಹೇಳಲಾರದ್ದು ಈಗ ಹೇಳ್ಲೇನು? ಹೊರಗ ಬಾಗಿಲಕ್ಕ ಬೋರ್ಡ್ ಹಚ್ಚೀರಿ, ಹೋಗಿ ಓದ್ಕೋರ್ರಿ!" ಎಂದು ಹಿಟ್ಟಿನ ಕೈಯನ್ನು ಹೊರಬಾಗಿಲ ಕಡೆ ತೋರಿಸಿದಳು. ಇನ್ನೊಂದು ಕೈಯಿಂದ ಸೆರಗು ಎಳೆದು ಬಾಯಿಗೆ ಹಿಡಿದು ನಗುತ್ತಿದ್ದಳು.

ಹೊಸ್ತಿಲ ಮೇಲೆ ಕೂತೆ. ಅವಳ ನಗು ನಿಂತಿತು. "ಏನಾತ್ರಿ? ಎದಿ ನೋಯ್ತದೇನು?" ಎಂದಳು. ಎಲ್ಲ ಹೇಳಿದೆ. ಸುಂದರಬಾಯಿ, ಕ್ಯಾಲೆಂಡರು, ಹೊಡೆದು ಹಾಕಿದ ಸಾಲು.

ಅವಳು ಕೈ ತೊಳೆದಳು. ಒಲೆಯ ಮೇಲಿನ ಹಂಚನ್ನೂ ಇಳಿಸದೆ ಚಪ್ಪಲಿ ಮೆಟ್ಟಿ ಹೊರಟಳು. ರೊಟ್ಟಿ ಕರಿಕಾಗುವುದನ್ನು ನೋಡುತ್ತ ನಾನು ಅಲ್ಲೇ ಕೂತಿದ್ದೆ.

ಮಧ್ಯಾಹ್ನ ಬಂದಳು. "ಓಣಿಗೆಲ್ಲ ಗೊತ್ತದ್ರಿ. ನಿಮಗೊಬ್ಬರಿಗೇ ಗೊತ್ತಿಲ್ಲ. ಸೊಲ್ಲಾಪುರಕ್ಕ ಹೋಗಿ ಕೇಳಿ ಬಂದ್ರಿ. ಆ ಮನಿ ಎದುರಿನ ಕಟ್ಟಿ ಮ್ಯಾಲ ಒಂದು ತಾಸು ಕೂಡಲಿಲ್ಲ" ಎಂದಳು.

ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಸುಂದರಬಾಯಿ ಗುರಣ್ಣನ ಅಕ್ಕ ಅಲ್ಲ, ಹೆಂಡತಿ. ಮೊದಲ ಗಂಡ ಸತ್ತ ಮೇಲೆ ಗುರಣ್ಣ ಆಕೆಯನ್ನು ಉಡಕಿ ಮಾಡಿಕೊಂಡಿದ್ದಾನೆ. ಗಡಿಯಾಚೆಯ ಒಂದು ಹಳ್ಳಿಯ ಗುಡಿಯಲ್ಲಿ ಸೀರೆ ಉಡಿಸಿ ಕರೆದುಕೊಂಡು ಬಂದದ್ದು, ನಾಲ್ಕು ವರ್ಷವಾಯಿತು. ವಿಧವೆಯ ಮದುವೆ ಹೀಗೆಯೇ ಅಲ್ಲವೇ, ಹಂದರವಿಲ್ಲ, ಬಾಜಾ ಇಲ್ಲ, ಲಗ್ನಪತ್ರಿಕೆ ಇಲ್ಲ. ತಾಯಿ ಮಾತ್ರ ಆಕೆಯನ್ನು ಸೊಸೆ ಎಂದು ಒಪ್ಪಲಿಲ್ಲ. ಕೇಳಿದವರಿಗೆ ದೂರದ ಸಂಬಂಧ ಎನ್ನುತ್ತಾಳೆ. ಓದಿದ, ನೌಕರಿಯ ಹುಡುಗಿಯೊಂದಿಗೆ ಹಂದರ ಹಾಕಿ ಮಗನ ಲಗ್ನ ಮಾಡಬೇಕೆಂಬುದು ಆಕೆಯ ಹಟ.

ಲೀಲಾ ಸುಂದರಬಾಯಿಯನ್ನೇ ಕೇಳಿದ್ದಾಳೆ, ಬಾವಿಯ ಹತ್ತಿರ. "ಹೌದ್ರಿ. ಕೇಳಿದ್ರಿ ಅಂತ ಹೇಳಾಕತ್ತೇನಿ. ಇಷ್ಟು ದಿನ ನನಗ ಯಾರೂ ಕೇಳಿಲ್ರಿ" ಎಂದಳಂತೆ.

ನಾನೂ ಕೇಳಿರಲಿಲ್ಲ. ಆಕೆಯನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದು ಗುರಣ್ಣನ ಹೆಸರನ್ನು.

ದೌಲತರಾಯನಿಗೆ ಬೇರೆ ಕಾಗದ ಇದೇ ಟಪಾಲಿಗೆ ಹಾಕಿದ್ದೇನೆ. ಲಗ್ನ ನಿಲ್ಲಿಸು ಎಂದು ಬರೆದಿದ್ದೇನೆ.

ಶ್ರೀಪಾದ


ಅಫಜಲಪುರ
೧ ಮೇ ೧೯೯೬

ಶ್ರೀಪಾದ ಕಾಕಾ ಅವರಿಗೆ,

ಅಪ್ಪ ನಂಬುತ್ತಿಲ್ಲ.

ನಿಮ್ಮ ಎರಡೂ ಕಾಗದಗಳನ್ನು ಜೋಡಿಸಿ ಮುಂದೆ ಇಟ್ಟುಕೊಂಡು ಕೂತಿದ್ದಾರೆ. "ಎರಡೂ ಆತನ ಕೈ ಬರಹ. ಯಾವುದ ಖರೆ?" ಎಂದರು.

"ಎರಡನೇದು" ಎಂದೆ.

"ಎರಡನೇದು ಯಾಕ ಖರೆ? ಮೊದಲನೇದು ಆತ ಊರೂರು ತಿರುಗಿ, ತಂಪಲೆ ಕುಂತು ಬರದದ್ದು. ಇದು ಲಗ್ನ ಹತ್ತು ದಿನ ಇದ್ದಾಗ ಬಂದದ್ದು. ಮೊದಲ ಎರಡು ಸಂಬಂಧ ಬ್ಯಾಡ ಅಂದಿ. ಇದನ್ನೂ ಬ್ಯಾಡ ಅನ್ನಾಕ ಆತನ ಕಡಿಂದ ಬರಸೀದಿ."

ಹೀಗೆ ನಿಮ್ಮ ಡಿಸೆಂಬರಿನ ಕಾಗದವೇ ನನ್ನ ಮೇಲೆ ಸಾಕ್ಷಿ ಹೇಳುತ್ತಿದೆ. ಲಗ್ನಪತ್ರಿಕೆ ಹಂಚಿಯಾಗಿದೆ. ಅಂಗಳದಲ್ಲಿ ಹಂದರದ ಕಂಬ ನೆಡುತ್ತಿದ್ದಾರೆ. ನಾನು ಕೋಣೆಯಲ್ಲಿ ಕೂತು ಆ ಗುದ್ದಲಿಯ ಸಪ್ಪಳ ಕೇಳುತ್ತ ಇದನ್ನು ಬರೆಯುತ್ತಿದ್ದೇನೆ.

ನೀವು ಮುಚ್ಚಿದ್ದನ್ನು ಬರೆದಿರಿ, ನಾನು ಮುಚ್ಚಿದ್ದನ್ನೂ ಬರೆಯುತ್ತೇನೆ. ಹೂಂ ಅಂದದ್ದು ನಿಮ್ಮ ಕಾಗದ ನೋಡಿ ಮಾತ್ರ ಅಲ್ಲ. ಅವರು ನನಗೆ ಹಿಡಿಸಿದ್ದರು. ಬೇರೆಯವರು ಸಂಬಳ ಎಷ್ಟು ಎಂದು ಕೇಳಿದ್ದರು. ಇವರು ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಕೇಳಿದರು. ನಾನು ಆ ಗ್ರಹದ ಜಗಳ ಹೇಳಿದೆ. "ಅಷ್ಟು ಸನೇಕ ಇದ್ರ ಅದು ಸುಡಂಗಿಲ್ಲೇನ್ರಿ?" ಎಂದು ಕೇಳಿ, ನಾನು ಹೇಳಿದ್ದನ್ನೆಲ್ಲ ಚಹಾ ಆರುವ ತನಕ ಕೂತು ಕೇಳಿದರು. ಆ ಮಾತನ್ನು ಮೂರು ತಿಂಗಳು ಯಾರಿಗೂ ಹೇಳದೆ ನನ್ನಲ್ಲಿಯೇ ಇಟ್ಟುಕೊಂಡಿದ್ದೆ. ಮನೆಯಲ್ಲಿ ಯಾರಿದ್ದೀರಿ ಎಂದಾಗ "ಇಬ್ಬರ" ಎಂದದ್ದು ಅದೇ ಬಾಯಿ.

ಇನ್ನು ಬರೆದರೆ ಆಗುವುದಿಲ್ಲ. ನೀವೇ ಬರಬೇಕು.

ಸುಮಿತ್ರಾ


ಆಳಂದ
೩ ಮೇ ೧೯೯೬

ಚಿ. ಸುಮಿತ್ರಾ,

ಬರುತ್ತಿದ್ದೇನೆ. ಬಸ್ಸುಗಳನ್ನೆಲ್ಲ ಚುನಾವಣೆ ಕೆಲಸಕ್ಕೆ ಹಿಡಿದಿದ್ದಾರೆ. ನಾಳೆ ಚೌಡಾಪುರದ ತನಕ ತೊಗರಿ ಲಾರಿ ಇದೆ, ಅಲ್ಲಿಂದ ಮುಂದೆ ಸಿಕ್ಕಿದ್ದರಲ್ಲಿ. ಈ ಚೀಟಿಯನ್ನು ಇವತ್ತಿನ ಲಾರಿಯವನ ಕೈಯಲ್ಲಿ ಮುಂದೆ ಕಳಿಸಿದ್ದೇನೆ. ಅಪ್ಪನಿಗೆ ತೋರಿಸಬೇಡ.

ಶ್ರೀಪಾದ


ಅಫಜಲಪುರ
೧೫ ಮೇ ೧೯೯೬

ಶ್ರೀಪಾದ ಕಾಕಾ ಅವರಿಗೆ ಸುಮಿತ್ರಾಬಾಯಿಯ ನಮಸ್ಕಾರ.

ನೀವು ಮೈಯೆಲ್ಲ ಧೂಳು ಮಾಡಿಕೊಂಡು ಬಂದು, ಹಂದರದಲ್ಲಿ ನಾಲ್ಕು ಜನರ ಎದುರಿಗೆ, "ದೌಲತರಾಯ, ಮೊದಲಿನದೂ ನಾನ ಬರದದ್ದು. ಅದು ಸುಳ್ಳು. ಯಾರೂ ಬರಸಿಲ್ಲ, ನನ್ನ ಕೈಲೇ ಆದದ್ದು" ಎಂದಿರಿ. ಅಪ್ಪ ತಲೆ ಎತ್ತಲಿಲ್ಲ. ನೀವು ನೀರನ್ನೂ ಕುಡಿಯದೆ ಹೋದಿರಿ. ಆಮೇಲೆ ಆದದ್ದನ್ನು ನಿಮಗೆ ತಿಳಿಸಬೇಕು.

ಮೂರನೆಯ ದಿನ ಅಪ್ಪ ನಮ್ಮ ಸೈದಪ್ಪ ಮಾವನನ್ನು ಆಳಂದಕ್ಕೆ ಕಳಿಸಿದರು. ಗುರಣ್ಣನ ತಾಯಿ, "ಆಕಿ ಅಡಗಿ ಮಾಡಾಕಿ. ಅಡಗಿ ಮಾಡಾಕಿ ಸಲವಾಗಿ ಯಾರಾರ ಲಗ್ನ ಮುರೀತಾರೇನು?" ಎಂದಳಂತೆ. ಗುರಣ್ಣ ಅಲ್ಲೇ ಕುಂತಿದ್ದ. ಮಾವ ಅವನ ಕಡೆ ತಿರುಗಿ, "ನೀ ಹೇಳಪಾ" ಎಂದರೆ, ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಾಲುಬೆರಳು ನೋಡಿಕೊಳ್ಳುತ್ತಿದ್ದನಂತೆ. ಮಾವ ಬಂದು ಅಷ್ಟನ್ನೂ ಹೇಳಿದ ಮೇಲೆ ಅಪ್ಪ, "ಆತು" ಎಂದರು. ಒಂದೇ ಮಾತು.

ಸಮೀಪದವರಿಗೆ ಹೇಳಿ ಕಳಿಸಿದೆವು. ದೂರದವರಿಗೆ ಕಾಗದ ಹಾಕಿದೆವು, ಅದು ಎಲ್ಲರಿಗೂ ಮುಟ್ಟಲಿಲ್ಲ. ರವಿವಾರ ಹನ್ನೆರಡನೆಯ ತಾರೀಖು ಬೆಳಿಗ್ಗೆಯಿಂದಲೇ ಹೊಸ ಸೀರೆ, ರುಮಾಲುಗಳಲ್ಲಿ ಜನ ಬಸ್ಸಿಳಿದು ಬರತೊಡಗಿದರು. ಹಂದರ ಕಿತ್ತಿರಲಿಲ್ಲ. ಬಾಗಿಲು ಹಾಕಿಕೊಳ್ಳೋಣ ಎಂದು ಅವ್ವ ಅತ್ತಳು. ಅಪ್ಪ ಕೇಳಲಿಲ್ಲ. ಒಗೆದ ಧೋತರ ಉಟ್ಟುಕೊಂಡು ಹೋಗಿ ತಾವೇ ಬಾಗಿಲಲ್ಲಿ ನಿಂತರು. ಬಂದವರಿಗೆಲ್ಲ ಕೈ ಮುಗಿದು, "ಲಗ್ನ ನಿಂತದ. ಊಟ ನಿಂತಿಲ್ಲ. ಬರ್ರಿ" ಎಂದರು.

"ಯಾಕ ನಿಂತತ್ರೀ? ಹುಡುಗಿ ಒಲ್ಲೆ ಅಂದಳೇನು?"

"ಹುಡುಗಿದು ಏನೂ ಇಲ್ಲ. ವಿಚಾರ ಮಾಡದು ನಮ್ಮದು ಕಡಿಮಿ ಬಿತ್ತು."

ನಾನು ಒಳಗಿನಿಂದ ಕೇಳುತ್ತಿದ್ದೆ. ಅಪ್ಪ ಅದೇ ಮಾತನ್ನು ಅದೇ ದನಿಯಲ್ಲಿ ಬಂದ ಬಂದವರಿಗೆ ಹೇಳಿದರು.

ಪಂಗ್ತಿಗೆ ಎಲೆ ಹಾಕುವ ಹೊತ್ತಿಗೆ ಒಬ್ಬ ಹೆಂಗಸು ಬಟ್ಟೆಯ ಗಂಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಪ್ಪ ಕೈ ಮುಗಿದು, "ಲಗ್ನ ನಿಂತದವ್ವ" ಎನ್ನುತ್ತಿದ್ದಂತೆ ಆಕೆ, "ಗೊತ್ತದ್ರಿ. ನಾ ಆಳಂದದಾಕಿ. ಸುಂದರಬಾಯಿ ಅಂತಾರ ನನಗ" ಎಂದಳು.

ನಾನು ಕಿಟಕಿಗೆ ಬಂದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಆಕೆಯ ಮುಖವನ್ನು ನಾನು ಎಷ್ಟು ರೀತಿ ಊಹಿಸಿದ್ದೆನೋ, ಒಂದರ ಹಾಗೂ ಇರಲಿಲ್ಲ.

"ನಿಮ್ಮ ಮನಿ ಲಗ್ನ ನಾ ಮುರದೇನಿ ಅಂತ ಹೊರಗ ಹಾಕಿದ್ರು. ಮುರೀಬೇಕಂತ ಹೇಳಿಲ್ರಿ. ಆ ಬಾಯಾರು ಕೇಳಿದ್ರು, ಹೇಳಿದೆ. ನಿಮ್ಮ ಮಗಳಿಗಿ ಅಷ್ಟು ತಿಳಿಸಿ ಹೋಗಾಕ ಬಂದೇನಿ" ಎಂದಳು. ಎಲ್ಲಿಗೆ ಹೋಗುತ್ತಾಳೆಂದು ಆಕೆ ಹೇಳಲಿಲ್ಲ.

ಅಪ್ಪ ಬಾಗಿಲಿಗೆ ಅಡ್ಡವಾಗಿ ಹಾಗೇ ನಿಂತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೈಯುತ್ತಾರೆ ಎಂದುಕೊಂಡೆ. ಒಳಗಿನಿಂದ ನಮ್ಮ ಅತ್ತೆ, "ಅಣ್ಣಾ, ಯಾರೋ ಈಕಿ? ಯಾರ ಕಡೆಯಾಕಿ?" ಎಂದು ಕೂಗಿ ಕೇಳಿದಳು.

ಅಪ್ಪ ಬಗ್ಗಿ ಕಾಲಿಗೆ ನೀರಿನ ಚರಗಿಯನ್ನು ತಾವೇ ಎತ್ತಿಕೊಂಡು ಆಕೆಯ ಮುಂದೆ ಇಟ್ಟರು.

"ಬೀಗರ ಕಡೆಯಾಕಿ" ಎಂದರು. "ಬೀಗರ ಕಡಿಂದ ಬಂದಾಕಿ ಈಕಿ ಒಬ್ಬಾಕಿ. ಮೊದಲ ಈಕಿಗಿ ನೀಡ್ರಿ."

ಯಾರೂ ಏಳಲಿಲ್ಲ. ನಾನು ಹೊರಗೆ ಬಂದು ನೀಡಿದೆ.

ನಿಮ್ಮ ಸುಮಿತ್ರಾ